ಲೂಯಿವಿಲ್ ತಂಡ ಮುಳುಗಿದ್ದು ಯಾರಿಂದ? ಕೋಚ್, ಆಟಗಾರರ ಬೇಟೆ ಮತ್ತು ಅಭಿಮಾನಿಗಳ ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 2022ರಿಂದ 2024ರವರೆಗಿನ ಎರಡು ಋತುಗಳಲ್ಲಿ 64 ಪಂದ್ಯ ಆಡಿ 52ರಲ್ಲಿ ಸೋತಿತು. ಆ ಎರಡು ವರ್ಷ ಅಂಗಳದಲ್ಲಿ ತಂಡ ತೋರದ ಹುರುಪನ್ನು ಅಭಿಮಾನಿಗಳು ತಮ್ಮ ತಮ್ಮೊಳಗಿನ ಜಗಳದಲ್ಲಿ ತೋರಿಸಿದರು. ಕೋಚ್ ಕೆನ್ನಿ ಪೇನ್ ಅವರಿಗೆ ಕೆಲಸ ಬರುತ್ತಿರಲಿಲ್ಲವೇ, ಇಲ್ಲ ಅವರ ಕೈಗೆ ಬಂದ ಮನೆಯೇ ಗೆದ್ದಲು ಹಿಡಿದಿತ್ತೇ? ಪೇನ್ ಹೋದರು, ಬೇರೊಬ್ಬರು ಬಂದರು, ತಂಡ ಗೆಲ್ಲತೊಡಗಿತು. ಜಗಳ ಮಾತ್ರ ಮುಗಿದಿಲ್ಲ. ಇಲ್ಲಿ ಉತ್ತರ ಬರೆಯುತ್ತಿರುವ ನಾನು ನಿಷ್ಪಕ್ಷಪಾತಿಯಲ್ಲ. ಯಾವ ಕಡೆಗೆ ವಾಲಿದ್ದೇನೆ ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ಊರಿನ ಹೆಸರನ್ನು ಹೇಗೆ ಹೇಳಬೇಕು?

ಬರೆಯುವುದು ಲೂಯಿವಿಲ್. ಊರಿನವರ ಬಾಯಲ್ಲಿ ಅದು ಸವೆದು ಸವೆದು ‘ಲೂವಲ್’ ಎಂದಷ್ಟೇ ಕೇಳಿಸುತ್ತದೆ. ಫ್ರಾನ್ಸಿನ ದೊರೆ 16ನೇ ಲೂಯಿಯ ಹೆಸರು ಹೊತ್ತ ಊರು, ಓಹಾಯೋ ನದಿಯ ದಂಡೆಯ ಮೇಲಿದೆ. ಮುಹಮ್ಮದ್ ಅಲಿ ಹುಟ್ಟಿದ ಊರೂ ಇದೇ.

ಒಂದು ಕಾಲೇಜು ತಂಡ ಸೋತರೆ ಇಡೀ ಊರು ಏಕೆ ಊಟ ಬಿಡಬೇಕು?

ಅಲ್ಲಿ ಬೇರೆ ದೊಡ್ಡ ತಂಡವಿಲ್ಲ. ದೇಶದ ದೊಡ್ಡ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡ ಕೆಂಟಕಿಯಲ್ಲಿಲ್ಲ. ಲೂಯಿವಿಲ್‌ನಲ್ಲೇ ಇದ್ದ ವೃತ್ತಿಪರ ತಂಡ ‘ಕೆಂಟಕಿ ಕರ್ನಲ್ಸ್’ 1976ರಲ್ಲಿ ಬಾಗಿಲು ಮುಚ್ಚಿತು. ಆ ಮೇಲೆ ಊರಿನ ಚಳಿಗಾಲಕ್ಕೆ ದಿಕ್ಕು ಕಾಲೇಜು ಬ್ಯಾಸ್ಕೆಟ್‌ಬಾಲ್ ಒಂದೇ. ಡೆನ್ನಿ ಕ್ರಮ್ ಎಂಬ ಕೋಚ್ 1971ರಿಂದ 2001ರವರೆಗೆ ಮೂವತ್ತು ವರ್ಷ ಅಲ್ಲಿ ಕುಳಿತು, 675 ಪಂದ್ಯ ಗೆದ್ದು, 1980 ಮತ್ತು 1986ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಈಗಿನ ಕೆಎಫ್‌ಸಿ ಯಮ್ ಸೆಂಟರ್ ಕ್ರೀಡಾಂಗಣದಲ್ಲಿ ಸುಮಾರು 22 ಸಾವಿರ ಆಸನಗಳಿವೆ. ಕಾಲೇಜು ಹುಡುಗರ ಆಟಕ್ಕೆ ಅಷ್ಟು ದೊಡ್ಡ ಕಟ್ಟಡ ಕಟ್ಟುವ ಊರು ಸೋಲನ್ನು ಸಲೀಸಾಗಿ ನುಂಗಿಕೊಳ್ಳುತ್ತದೆಯೇ?

ಇದರ ಮೇಲೆ ದಾಯಾದಿ ಮತ್ಸರ ಬೇರೆ. ಸುಮಾರು 120 ಕಿಲೋಮೀಟರ್ ದೂರದ ಲೆಕ್ಸಿಂಗ್ಟನ್‌ನಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ತಂಡವಿದೆ. ತಾವು ಸೋತರೂ ಸರಿ, ಅವರು ಗೆಲ್ಲಬಾರದು ಎನ್ನುವಂಥ ಸಂಬಂಧ ಅದು. ಈ ಮತ್ಸರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘4–28’ ಎಂದು ಅಭಿಮಾನಿಗಳು ಶಾಪದಂತೆ ಹೇಳುವುದು ಏನನ್ನು?

ಅಮೆರಿಕದಲ್ಲಿ ಗೆಲುವನ್ನು ಮೊದಲು, ಸೋಲನ್ನು ಆಮೇಲೆ ಬರೆಯುತ್ತಾರೆ. 2022–23ರ ಋತುವಿನಲ್ಲಿ ನಾಲ್ಕು ಗೆಲುವು, 28 ಸೋಲು. ತಂಡದ ಇತಿಹಾಸದಲ್ಲಿ ಒಂದೇ ಋತುವಿನಲ್ಲಿ ಅಷ್ಟು ಸೋಲು ಹಿಂದೆಂದೂ ಇರಲಿಲ್ಲ.

ಅಂಕಿಗಿಂತ ಆ ಸೋಲುಗಳು ಬಂದ ಬಗೆ ಹೆಚ್ಚು ಚುಚ್ಚಿತು. ಋತು ಆರಂಭವಾಗುವ ಮೊದಲೇ ನಡೆದ ಅಭ್ಯಾಸ ಪಂದ್ಯದಲ್ಲಿ ಲೆನೋರ್-ರೈನ್ ಎಂಬ ಎರಡನೇ ದರ್ಜೆಯ ಕಾಲೇಜು 57–47ರಿಂದ ಸೋಲಿಸಿತು. ಅಭ್ಯಾಸ ತಾನೇ ಎಂದು ಸಮಾಧಾನ ಮಾಡಿಕೊಂಡವರಿಗೆ ಮೊದಲ ಮೂರು ನಿಜವಾದ ಪಂದ್ಯಗಳು ಕಾದಿದ್ದವು: ಬೆಲರ್‌ಮಿನ್ ಎದುರು 67–66, ರೈಟ್ ಸ್ಟೇಟ್ ಎದುರು 73–72, ಅಪಲೇಷಿಯನ್ ಸ್ಟೇಟ್ ಎದುರು 61–60. ಮೂರೂ ಸೋಲು, ಮೂರೂ ಒಂದೊಂದೇ ಅಂಕದಿಂದ. ಬೆಲರ್‌ಮಿನ್ ಅದೇ ಊರಿನ ಚಿಕ್ಕ ಕಾಲೇಜು, 2020ರಲ್ಲಷ್ಟೇ ಮೊದಲ ದರ್ಜೆಗೆ ಬಂದದ್ದು. ದೊಡ್ಡ ಮನೆಯವರು ಪಕ್ಕದ ಬಾಡಿಗೆ ಮನೆಯವರೆದುರು ತಲೆ ತಗ್ಗಿಸಿದ ಹಾಗಾಯಿತು.

ಸತತ ಒಂಬತ್ತು ಸೋಲಿನ ನಂತರ ಡಿಸೆಂಬರ್ 14ರಂದು ವೆಸ್ಟರ್ನ್ ಕೆಂಟಕಿ ಎದುರು ಮೊದಲ ಗೆಲುವು ಬಂತು. ಉಳಿದ ಮೂರು ಗೆಲುವು ಫ್ಲೋರಿಡಾ ಎ ಅಂಡ್ ಎಂ, ಜಾರ್ಜಿಯಾ ಟೆಕ್ ಮತ್ತು ಕ್ಲೆಮ್ಸನ್ ವಿರುದ್ಧ. ನಾಲ್ಕೇ ಇದ್ದುದರಿಂದ ಬಾಯಿಪಾಠವಾಗಿವೆ.

ಕುಸಿತ ಪೇನ್ ಕಾಲದಲ್ಲೇ ಆರಂಭವಾಯಿತೇ?

ಇಲ್ಲ. ಪೇನ್ ಪರ ವಾದಿಸುವವರ ಅತಿ ಗಟ್ಟಿ ಆಧಾರವೇ ಇದು, ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗೋಣ.

ಕ್ರಮ್ ನಂತರ ಬಂದ ರಿಕ್ ಪಿಟಿನೋ 2013ರಲ್ಲಿ ಮೂರನೇ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 2015ರಲ್ಲಿ ಹೊಲಸು ಹೊರಬಿತ್ತು. ಆಟಗಾರರು ತಂಗುವ ವಸತಿಗೃಹಕ್ಕೆ, ಕಾಲೇಜು ನೋಡಲು ಬಂದ ಶಾಲಾ ಹುಡುಗರನ್ನು ಖುಷಿಪಡಿಸಲು, ತಂಡದ ಸಿಬ್ಬಂದಿಯೊಬ್ಬರು ಹಣ ಕೊಟ್ಟು ಹೆಂಗಸರನ್ನು ಕರೆಸುತ್ತಿದ್ದರು ಎಂಬ ಪ್ರಕರಣ. ವಿಶ್ವವಿದ್ಯಾಲಯ ತಾನಾಗಿಯೇ 2016ರ ರಾಷ್ಟ್ರೀಯ ಟೂರ್ನಿಯಿಂದ ಹಿಂದೆ ಸರಿಯಿತು. ಅಷ್ಟಕ್ಕೇ ಮುಗಿಯಲಿಲ್ಲ. 2018ರ ಫೆಬ್ರುವರಿಯಲ್ಲಿ 2013ರ ಪ್ರಶಸ್ತಿ ಮತ್ತು ಒಟ್ಟು 123 ಗೆಲುವುಗಳು ದಾಖಲೆಯಿಂದ ಅಳಿಸಿಹೋದವು. ಕ್ರೀಡಾಂಗಣದ ಚಾವಣಿಯಿಂದ ಬ್ಯಾನರ್ ಇಳಿಸಿದರು. ಕಣ್ಣಾರೆ ನೋಡಿದ ಫೈನಲ್ ನಡೆದೇ ಇಲ್ಲವೆಂದು ಹೇಳಿದರೆ ಯಾರು ಒಪ್ಪುತ್ತಾರೆ? ಅಭಿಮಾನಿಗಳು ಇವತ್ತಿಗೂ ಒಪ್ಪಿಲ್ಲ.

ಈ ನಡುವೆ 2017ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಬಂತು. ಬ್ರಯನ್ ಬೋವೆನ್ ಎಂಬ ಹೆಸರಾಂತ ಶಾಲಾ ಆಟಗಾರ ಲೂಯಿವಿಲ್ ಸೇರುವಂತೆ ಮಾಡಲು ಅವನ ಕುಟುಂಬಕ್ಕೆ ಒಂದು ಲಕ್ಷ ಡಾಲರ್ ತಲುಪಿಸುವ ಯೋಜನೆಯಲ್ಲಿ ಅಡಿಡಾಸ್ ಕಂಪನಿಯ ಅಧಿಕಾರಿಯೊಬ್ಬರು ಸಿಕ್ಕಿಬಿದ್ದರು. ಪಿಟಿನೋ ಅವರನ್ನು ಅಕ್ಟೋಬರ್‌ನಲ್ಲಿ ವಜಾ ಮಾಡಿದರು. ಬೋವೆನ್ ಲೂಯಿವಿಲ್ ಪರ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ.

ನಂತರ ಬಂದ ಕ್ರಿಸ್ ಮ್ಯಾಕ್ ಕೆಟ್ಟ ಕೋಚ್ ಆಗಿರಲಿಲ್ಲ. 2019ರ ಡಿಸೆಂಬರ್‌ನಲ್ಲಿ ತಂಡ ದೇಶದ ಮೊದಲ ಶ್ರೇಯಾಂಕಕ್ಕೂ ಏರಿತ್ತು. 24–7ರೊಂದಿಗೆ ಟೂರ್ನಿಗೆ ಸಿದ್ಧವಾಗಿದ್ದಾಗ ಕೋವಿಡ್ ಬಂದು ಟೂರ್ನಿಯೇ ರದ್ದಾಯಿತು. ಆಮೇಲೆ ಕೆಲಸದಿಂದ ಬಿಡಿಸಿದ ಸಹಾಯಕ ಕೋಚ್ ಒಬ್ಬರು ಮ್ಯಾಕ್ ಅವರನ್ನು ಬೆದರಿಸಿ ಹಣ ಕೀಳಲು ಯತ್ನಿಸಿದ ಪ್ರಕರಣ, ಅದನ್ನು ನಿಭಾಯಿಸಿದ ರೀತಿಗಾಗಿ ಮ್ಯಾಕ್‌ಗೇ ಆರು ಪಂದ್ಯಗಳ ಅಮಾನತು, 2022ರ ಜನವರಿಯಲ್ಲಿ ಋತುವಿನ ನಡುವೆಯೇ ವಿದಾಯ. ಹೋಗುವಾಗ ಅವರಿಗೆ 48 ಲಕ್ಷ ಡಾಲರ್ ಸಿಕ್ಕಿತು. ತಂಡ 13–19ಕ್ಕೆ ನಿಂತಿತು.

ಅಂದರೆ ಪೇನ್ ಹೊಸ್ತಿಲು ದಾಟಿದಾಗ ಮನೆಯಲ್ಲಿ ದೀಪವಿರಲಿಲ್ಲ ಎಂಬುದು ನಿಜ.

ಹಾಗಿದ್ದ ಮೇಲೆ ಪೇನ್ ಅವರನ್ನೇ ಆರಿಸಿದ್ದು ಏಕೆ?

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವಲ್ಲ, ಲೂಯಿವಿಲ್‌ನವರ ನಂಬಿಕೆ ತದ್ವಿರುದ್ಧ. ಹಗರಣದ ಮೇಲೆ ಹಗರಣ ಕಂಡು ಬೇಸತ್ತಿದ್ದ ಊರಿಗೆ ಹೊರಗಿನವರ ಸಹವಾಸವೇ ಸಾಕಾಗಿತ್ತು. ಹಿತ್ತಲ ಗಿಡವೇ ಮದ್ದು ಎಂದುಕೊಂಡರು. ಪೇನ್ 1986ರ ಚಾಂಪಿಯನ್ ತಂಡದಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದವರು, ಕ್ರಮ್ ಅವರ ಶಿಷ್ಯ. ಅದಕ್ಕಿಂತ ಮುಖ್ಯವಾಗಿ, 2010ರಿಂದ ಹತ್ತು ವರ್ಷ ದಾಯಾದಿ ಕೆಂಟಕಿಯಲ್ಲಿ ಜಾನ್ ಕ್ಯಾಲಿಪಾರಿ ಅವರ ಸಹಾಯಕರಾಗಿದ್ದವರು. ಆಂಥನಿ ಡೇವಿಸ್, ಕಾರ್ಲ್-ಆಂಥನಿ ಟೌನ್ಸ್, ಬ್ಯಾಮ್ ಅಡೆಬಾಯೊ ಅವರಂಥ ಎತ್ತರದ ಆಟಗಾರರು ಅವರ ಕೈಕೆಳಗೆ ಪಳಗಿ ಎನ್‌ಬಿಎಗೆ ಹೋದರು. ಶತ್ರುವಿನ ಕೋಟೆಯ ಗುಟ್ಟು ಬಲ್ಲ ಮನೆಮಗ! 2022ರ ಮಾರ್ಚ್‌ನಲ್ಲಿ ನೇಮಕವಾದಾಗ ಊರಿನಲ್ಲಿ ಹಬ್ಬದ ಕಳೆಯಿತ್ತು. ಆರು ವರ್ಷದ ಕರಾರು, ವರ್ಷಕ್ಕೆ ಸುಮಾರು 33 ಲಕ್ಷ 50 ಸಾವಿರ ಡಾಲರ್, ಅಂದಿನ ಲೆಕ್ಕದಲ್ಲಿ 25 ಕೋಟಿ ರೂಪಾಯಿಗೂ ಹೆಚ್ಚು.

ಒಂದು ಅಂಶ ಆ ಸಡಗರದಲ್ಲಿ ಹಿಂದೆ ಸರಿಯಿತು. ಪೇನ್ ಅದುವರೆಗೆ ಎಲ್ಲಿಯೂ ಮುಖ್ಯ ಕೋಚ್ ಆಗಿರಲಿಲ್ಲ. ಒಂದು ದಿನದ ಮಟ್ಟಿಗೂ ಇಲ್ಲ.

ಕೋಚ್‌ಗೆ ಸಂಬಳ ಕೊಡುವುದು ಆಡಿಸಲಿಕ್ಕೋ, ಆಟಗಾರರನ್ನು ಕರೆತರಲಿಕ್ಕೋ?

ಎರಡಕ್ಕೂ. ಅಮೆರಿಕದ ಕಾಲೇಜು ಆಟದಲ್ಲಿ ಹರಾಜಿಲ್ಲ, ಎನ್‌ಬಿಎಯಂತೆ ಸರದಿ ಪ್ರಕಾರ ಆರಿಸುವ ಪದ್ಧತಿಯೂ ಇಲ್ಲ. ಶಾಲೆ ಮುಗಿಸುತ್ತಿರುವ ಹುಡುಗನನ್ನು ಒಲಿಸಿಕೊಳ್ಳಬೇಕು. ಇದನ್ನೇ ರಿಕ್ರೂಟಿಂಗ್ ಎನ್ನುತ್ತಾರೆ. ನಮ್ಮವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ ಅದು ಸಂಬಂಧ ಕುದುರಿಸುವ ಕೆಲಸ. ಕೋಚ್ ಹುಡುಗನ ಮನೆಗೆ ಹೋಗುತ್ತಾರೆ, ತಾಯಿ ಬಡಿಸಿದ್ದನ್ನು ತಿನ್ನುತ್ತಾರೆ, ಅಜ್ಜಿಯ ಮಂಡಿನೋವು ವಿಚಾರಿಸುತ್ತಾರೆ. ಆಮೇಲೆ ಹುಡುಗನ ಕಡೆಯವರು ಕಾಲೇಜು ನೋಡಲು ಬರುತ್ತಾರೆ. ಎಲ್ಲ ಒಪ್ಪಿಗೆಯಾದರೆ ಸಹಿ, ಅಂದರೆ ತಾಂಬೂಲ. ಖಾಸಗಿ ಸಂಸ್ಥೆಗಳು ಈ ಹುಡುಗರಿಗೆ ಐದು ನಕ್ಷತ್ರ, ನಾಲ್ಕು ನಕ್ಷತ್ರ ಎಂದು ಅಂಕ ಕೊಡುತ್ತವೆ. ಐವತ್ತು ವರ್ಷದ ಗೃಹಸ್ಥರು ಹದಿನಾರರ ಹುಡುಗನ ನಕ್ಷತ್ರ ಎಣಿಸುತ್ತ ರಾತ್ರಿ ನಿದ್ದೆಗೆಡುತ್ತಾರೆ.

ಪೇನ್ ಅವರ ಹೆಸರಿದ್ದದ್ದು ಈ ಸಂಬಂಧ ಕುದುರಿಸುವುದರಲ್ಲೇ. ಅವರು ಕಟ್ಟಿಕೊಂಡ ಸಹಾಯಕರೂ ಅದೇ ಬಗೆಯವರು: 1980ರ ಚಾಂಪಿಯನ್ ಆಟಗಾರ ಡೆರೆಕ್ ಸ್ಮಿತ್ ಅವರ ಮಗ ನೋಲನ್ ಸ್ಮಿತ್, ಜೊತೆಗೆ ತಮ್ಮ ಕಾಲದ ದೊಡ್ಡ ಆಟಗಾರ ಡ್ಯಾನಿ ಮ್ಯಾನಿಂಗ್. ಹೆಸರುಗಳಿಗೆ ಬರವಿರಲಿಲ್ಲ.

ಡಿ.ಜೆ. ವ್ಯಾಗ್ನರ್ ಹೆಸರು ಎತ್ತಿದರೆ ಅಭಿಮಾನಿಗಳು ಏಕೆ ಕಣ್ಣು ಕೆಂಪಗೆ ಮಾಡುತ್ತಾರೆ?

ಇಡೀ ಕಥೆಯ ಗಾಯ ಇರುವುದು ಇಲ್ಲಿ. ವ್ಯಾಗ್ನರ್ 2023ರಲ್ಲಿ ಶಾಲೆ ಮುಗಿಸುವವರ ಪೈಕಿ ದೇಶದ ಅಗ್ರ ಆಟಗಾರರಲ್ಲಿ ಒಬ್ಬ. ಅವನ ಅಜ್ಜ ಮಿಲ್ಟ್ ವ್ಯಾಗ್ನರ್ 1986ರಲ್ಲಿ ಪೇನ್ ಜೊತೆಯಲ್ಲೇ ಪ್ರಶಸ್ತಿ ಗೆದ್ದವರು. ಪೇನ್ ಬಂದ ಕೂಡಲೇ ಮಿಲ್ಟ್ ಅವರನ್ನು ಲೂಯಿವಿಲ್ ಸಿಬ್ಬಂದಿಗೆ ಸೇರಿಸಿಕೊಂಡರು. ಅಜ್ಜ ಮನೆಯಲ್ಲಿದ್ದ ಮೇಲೆ ಮೊಮ್ಮಗ ಬೇರೆಲ್ಲಿಗೆ ಹೋಗುತ್ತಾನೆ ಎಂದು ಊರಿಗೆ ಊರೇ ಲೆಕ್ಕ ಹಾಕಿತ್ತು.

2022ರ ನವೆಂಬರ್‌ನಲ್ಲಿ, ತಂಡ ಒಂದೊಂದು ಅಂಕದಿಂದ ಸೋಲುತ್ತಿದ್ದ ಅದೇ ದಿನಗಳಲ್ಲಿ, ಮೊಮ್ಮಗ ಕೆಂಟಕಿಯನ್ನು ಆರಿಸಿಕೊಂಡ. ಹೌದು, ಆ ಕೆಂಟಕಿಯನ್ನೇ.

ಒಬ್ಬ ಹುಡುಗ ಬಾರದಿದ್ದರೆ ತಂಡ ಮುಳುಗುವುದಿಲ್ಲ. ಆದರೆ ಪೇನ್ ಅವರನ್ನು ಕರೆತಂದದ್ದೇ ಇಂಥ ಹುಡುಗರನ್ನು ಗೆಲ್ಲಬಲ್ಲರು ಎಂಬ ಭರವಸೆಯ ಮೇಲೆ. ಅನುಭವವಿಲ್ಲದಿದ್ದರೇನು, ಸಂಬಂಧಗಳಿವೆಯಲ್ಲ ಎಂಬ ವಾದದ ಬುಡಕ್ಕೆ ಆ ದಿನ ಕೊಡಲಿ ಬಿತ್ತು.

ಪೋರ್ಟಲ್, ಎನ್‌ಐಎಲ್ ಎಂದರೇನು? ಈ ಜಗಳಕ್ಕೂ ಅದಕ್ಕೂ ಏನು ಸಂಬಂಧ?

ನನ್ನ ಮಟ್ಟಿಗೆ ಎಲ್ಲದಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕೇಳುವವರು ಕಡಿಮೆ.

ಮೊದಲೆಲ್ಲ ಕಾಲೇಜು ಬದಲಿಸುವ ಆಟಗಾರ ಒಂದು ವರ್ಷ ಆಡದೆ ಹೊರಗೆ ಕೂರಬೇಕಿತ್ತು. ಹಾಗಾಗಿ ಹೆಚ್ಚಿನವರು ಕಾಲಿಟ್ಟ ಮನೆಯಲ್ಲೇ ಬಾಳುತ್ತಿದ್ದರು. ಬದಲಾಗಲು ಬಯಸುವವರು ಹೆಸರು ಬರೆಸುವ ‘ಟ್ರಾನ್ಸ್‌ಫರ್ ಪೋರ್ಟಲ್’ 2018ರಲ್ಲಿ ಬಂತು. 2021ರ ಏಪ್ರಿಲ್‌ನಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ, ಮೊದಲ ಸಲ ಬದಲಾಗುವವರು ಹೊರಗೆ ಕೂರಬೇಕಿಲ್ಲ ಎಂದಿತು. ಅದೇ ವರ್ಷ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು ಎಂದಾಯಿತು. ಅದಕ್ಕೇ ಎನ್‌ಐಎಲ್ ಎನ್ನುತ್ತಾರೆ. ಊರಿನ ಹಣವಂತ ಅಭಿಮಾನಿಗಳು ಒಟ್ಟಾಗಿ ನಿಧಿ ಕೂಡಿಸಿ ಆಟಗಾರರಿಗೆ ಕೊಡಲಾರಂಭಿಸಿದರು. ಬೋವೆನ್ ಕುಟುಂಬದ ವಿಷಯದಲ್ಲಿ ಯಾವುದಕ್ಕೆ ಎಫ್‌ಬಿಐ ಬಂದಿತ್ತೋ ಹೆಚ್ಚುಕಡಿಮೆ ಅದೇ ಕೆಲಸ ನಾಲ್ಕೇ ವರ್ಷದಲ್ಲಿ ಹಗಲು ಹೊತ್ತಿನ ವ್ಯವಹಾರವಾಯಿತು. ಪಿಟಿನೋ ಅಭಿಮಾನಿಗಳು ಇದನ್ನು ದಿನಕ್ಕೆರಡು ಬಾರಿ ನೆನಪಿಸುತ್ತಾರೆ.

ಪೇನ್ ಬಂದದ್ದು ಈ ತಿರುವಿನಲ್ಲಿ. ಅವರು ಕಲಿತ ವಿದ್ಯೆ ಹಳೆಯದು: ಹುಡುಗನನ್ನು ಹತ್ತನೇ ತರಗತಿಯಿಂದ ಗಮನಿಸು, ಮನೆಯವರ ವಿಶ್ವಾಸ ಗಳಿಸು, ಮೂರು ವರ್ಷ ಕಾಯು. ಹೊಸ ಸಂತೆ ನಡೆಯುವುದು ವಸಂತದ ಕೆಲವೇ ವಾರಗಳಲ್ಲಿ. ಇಪ್ಪತ್ತೆರಡು ವರ್ಷದ, ನೂರು ಪಂದ್ಯ ಆಡಿದ, ಮದುವೆಯ ಮಾತಿಗಿಂತ ಬೆಲೆಯ ಮಾತಿಗೆ ಬಂದ ಆಟಗಾರ ಎದುರಿಗೆ ಕೂತಿರುತ್ತಾನೆ. 2022ರ ಬೇಸಿಗೆಯಲ್ಲಿ ಆ ಸಂತೆಯಿಂದ ಪೇನ್ ತಂದ ಹೇಳಿಕೊಳ್ಳುವಂಥ ಹೆಸರು ಟೆನೆಸಿಯ ಬ್ರ್ಯಾಂಡನ್ ಹಂಟ್ಲಿ-ಹ್ಯಾಟ್‌ಫೀಲ್ಡ್ ಒಬ್ಬನದೇ. ಚೆಂಡು ಮುನ್ನಡೆಸಬಲ್ಲ ಗಾರ್ಡ್ ಆಟಗಾರ ಎಂದರೆ ಹಳೆಯ ತಂಡದಿಂದ ಉಳಿದ ಎಲ್ ಎಲ್ಲಿಸ್ ಮಾತ್ರ. ಚೆಂಡು ಹಂಚಿ ಅಂಕ ಕೊಡಿಸುವುದರಲ್ಲಿ ತಂಡ ದೇಶದ ತಳದ ಹತ್ತಿರ ಉಳಿದದ್ದರಲ್ಲಿ ಆಶ್ಚರ್ಯವೇನು?

ತೀರ್ಪಿನ ತೂಗುಗತ್ತಿ ಇದ್ದುದರಿಂದ ಆಟಗಾರರು ಬರಲಿಲ್ಲ ಎನ್ನುತ್ತಾರಲ್ಲ?

ಅರ್ಧ ನಿಜ. 2017ರ ಪ್ರಕರಣದ ವಿಚಾರಣೆ ಐದು ವರ್ಷ ಎಳೆಯಿತು. ಕೊನೆಗೆ 2022ರ ನವೆಂಬರ್ 3ರಂದು ತೀರ್ಪು ಬಂತು: ಎರಡು ವರ್ಷ ನಿಗಾ ಮತ್ತು 5,000 ಡಾಲರ್ ದಂಡ. ಟೂರ್ನಿ ನಿಷೇಧವಿಲ್ಲ. ಅಷ್ಟು ದೊಡ್ಡ ಕ್ರೀಡಾ ವಿಭಾಗಕ್ಕೆ 5,000 ಡಾಲರ್ ಎಂದರೆ ಚಹಾ ಖರ್ಚು.

ನಿಷೇಧ ಬೀಳಬಹುದೆಂಬ ಭಯ 2022ರ ಬೇಸಿಗೆಯಲ್ಲಿ ನಿಜಕ್ಕೂ ಇತ್ತು. ಬೇರೆ ಕಾಲೇಜಿನವರು ಅದನ್ನೇ ಹುಡುಗರ ಕಿವಿಯಲ್ಲಿ ಊದದೆ ಬಿಟ್ಟಿರಲಾರರು. ಆದರೆ ತೀರ್ಪಿನ ನಂತರ ಮೋಡ ಚದುರಿತು. ಎರಡನೇ ವರ್ಷಕ್ಕೂ ಅದೇ ನೆಪ ಹೇಳಿದರೆ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ಎರಡನೇ ವರ್ಷ ಒಳ್ಳೆಯ ಆಟಗಾರರು ಬಂದರಲ್ಲವೇ? ಆಗ ಏನಾಯಿತು?

ಬಂದರು. ಶಾಲೆಯಿಂದ ಬಂದ ಹುಡುಗರ ಗುಂಪು ನಕ್ಷತ್ರದ ಲೆಕ್ಕದಲ್ಲಿ ದೇಶದ ಮುಂಚೂಣಿಯಲ್ಲಿತ್ತು. ಪೋರ್ಟಲ್‌ನಿಂದ ಸ್ಕೈ ಕ್ಲಾರ್ಕ್, ಟ್ರೆ ವೈಟ್ ಬಂದರು. ಪೇನ್ ಪರ ಇದ್ದವರು ತೊಡೆ ತಟ್ಟಿದರು.

ಹೊಸ ಹುಡುಗರಲ್ಲಿ ಹೆಚ್ಚು ನಿರೀಕ್ಷೆ ಹುಟ್ಟಿಸಿದ್ದ ಟ್ರೆಂಟಿನ್ ಫ್ಲವರ್ಸ್ ಆಗಸ್ಟ್‌ನಲ್ಲೇ, ಒಂದು ಪಂದ್ಯವನ್ನೂ ಆಡದೆ, ಆಸ್ಟ್ರೇಲಿಯಾದ ವೃತ್ತಿಪರ ಲೀಗ್‌ಗೆ ಹೊರಟುಹೋದ. ಅಭ್ಯಾಸ ಪಂದ್ಯದಲ್ಲಿ ಮತ್ತೆ ಎರಡನೇ ದರ್ಜೆಯ ಕಾಲೇಜಿನ ಎದುರು ಸೋಲು, ಈ ಬಾರಿ ಕೆಂಟಕಿ ವೆಸ್ಲಿಯನ್. ನಂತರ ಚಾಟನೂಗ, ಡಿಪಾಲ್, ಆರ್ಕನ್ಸಾ ಸ್ಟೇಟ್ ಎದುರು ಸೋಲು. ನಡುವೆ ಆಟಗಾರನೊಬ್ಬ ತಂಡ ಬಿಡುತ್ತಿದ್ದಾನೆ ಎಂದು ತಂಡ ಹೇಳಿಕೆ ಕೊಟ್ಟರೆ, ಆ ಆಟಗಾರನೇ ‘ನಾನು ಹಾಗೆ ಹೇಳಿಲ್ಲ’ ಎಂದ ಪ್ರಹಸನವೂ ನಡೆಯಿತು. ಋತು ಮುಗಿದಾಗ 8–24.

ಕಳಪೆ ಆಟಗಾರರು ಎಂಬ ವಾದ ನನ್ನ ಪಾಲಿಗೆ ಸತ್ತದ್ದು ಈ ಎರಡನೇ ವರ್ಷದಲ್ಲಿ. ಎದುರಾಳಿ ಚೆಂಡಿನೊಂದಿಗೆ ಓಡಿಬರುವಾಗ ಯಾರು ಯಾರನ್ನು ಕಾಯಬೇಕು ಎಂಬುದೇ ತಿಳಿಯದೆ ಐವರೂ ಒಬ್ಬರ ಮುಖ ಒಬ್ಬರು ನೋಡುವ ದೃಶ್ಯವನ್ನು ನವೆಂಬರ್‌ನಲ್ಲಿ ಕ್ಷಮಿಸಬಹುದು. ಫೆಬ್ರುವರಿಯಲ್ಲೂ ಅದೇ ಕಂಡರೆ ಅದು ಹುಡುಗರ ತಪ್ಪಲ್ಲ. ಬೀಜ ಎಷ್ಟೇ ಒಳ್ಳೆಯದಿರಲಿ, ಉಳುವವನಿಗೆ ನೆಲದ ಹದ ಗೊತ್ತಿರಬೇಕು. ಅಂಥ ತಂಡವೂ ಜನವರಿಯಲ್ಲಿ ಮಯಾಮಿಯನ್ನು ಅವರದೇ ಅಂಗಳದಲ್ಲಿ ಸೋಲಿಸಿತ್ತು ಎಂಬುದನ್ನು ನೆನೆದರೆ ಸಿಟ್ಟು ಇನ್ನೂ ಹೆಚ್ಚುತ್ತದೆ.

4–28 ಆದ ಮೇಲೂ ಎರಡನೇ ವರ್ಷ ಕೊಟ್ಟದ್ದೇಕೆ?

ಹಣ, ಮುಜುಗರ, ಸ್ವಲ್ಪ ನಿಜವಾದ ಪ್ರೀತಿ. ಕರಾರಿನ ನಡುವೆ ತೆಗೆದುಹಾಕಿದರೆ ಕೋಚ್‌ಗೆ ಬಾಕಿ ಹಣ ಕೊಡಬೇಕು. ಪೇನ್ ವಿಷಯದಲ್ಲಿ ಎರಡು ವರ್ಷದ ನಂತರವೂ ಅದು ಸುಮಾರು 80 ಲಕ್ಷ ಡಾಲರ್ ಆಗಿತ್ತು. ಮ್ಯಾಕ್‌ಗೆ ಕೊಟ್ಟ ಹಣದ ನೋವೇ ಇನ್ನೂ ಆರಿರಲಿಲ್ಲ. ಕೊನೆಗೆ 2024ರ ಮಾರ್ಚ್ 12ರಂದು ಲೂಯಿವಿಲ್ ಆಡುವ ಲೀಗ್ ಎಸಿಸಿಯ ಟೂರ್ನಿಯ ಮೊದಲ ಸುತ್ತಿನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಸೋತರು, ಮರುದಿನ ಪೇನ್ ಅವರನ್ನು ಕ್ರೀಡಾ ನಿರ್ದೇಶಕ ಜಾಶ್ ಹೈರ್ಡ್ ಕೆಲಸದಿಂದ ಬಿಡುಗಡೆ ಮಾಡಿದರು. ಆ ನಾರ್ತ್ ಕೆರೊಲಿನಾ ಸ್ಟೇಟ್ ತಂಡ ಅಲ್ಲಿಂದ ಸೋಲದೆ ಎಸಿಸಿ ಪ್ರಶಸ್ತಿ ಗೆದ್ದು ರಾಷ್ಟ್ರೀಯ ಸೆಮಿಫೈನಲ್‌ವರೆಗೂ ಹೋಯಿತು. ಇದರಲ್ಲೂ ಸಮಾಧಾನ ಹುಡುಕಿದ ಲೂಯಿವಿಲ್ ಅಭಿಮಾನಿಗಳಿದ್ದರು.

ಕಪ್ಪು ಜನಾಂಗದ ಕೋಚ್ ಎಂಬ ಕಾರಣಕ್ಕೆ ಟೀಕೆ ಹೆಚ್ಚಾಯಿತೇ?

ಈ ಪ್ರಶ್ನೆಯನ್ನು ಕೆಲವರು ಬಾಯಿ ಮುಚ್ಚಿಸಲು ಬಳಸುತ್ತಾರೆ, ಇನ್ನು ಕೆಲವರು ಕೇಳಿದ ಕೂಡಲೇ ಎದ್ದು ಹೋಗುತ್ತಾರೆ. ಪೇನ್ ಲೂಯಿವಿಲ್ ಪುರುಷರ ತಂಡದ ಮೊದಲ ಕಪ್ಪು ಜನಾಂಗದ ಮುಖ್ಯ ಕೋಚ್. 1980 ಮತ್ತು 1986ರ ಪ್ರಶಸ್ತಿಗಳನ್ನು ಗೆದ್ದುಕೊಟ್ಟವರಲ್ಲಿ ಹೆಚ್ಚಿನವರು ಕಪ್ಪು ಹುಡುಗರೇ. ಹಾಗಿದ್ದೂ ಆ ಕುರ್ಚಿಗೆ ಒಬ್ಬರು ಬರಲು 2022ರವರೆಗೆ ಕಾಯಬೇಕಾಯಿತು. ಕಪ್ಪು ಜನರೇ ಹೆಚ್ಚಾಗಿರುವ ಊರಿನ ಪಶ್ಚಿಮ ಭಾಗದಲ್ಲಿ ಆ ನೇಮಕಕ್ಕೆ ಇದ್ದ ಅರ್ಥ ಪೂರ್ವದ ಬಡಾವಣೆಗಳಿಗೆ ಅಷ್ಟಾಗಿ ತಟ್ಟಲಿಲ್ಲ. ಸಾಮಾಜಿಕ ಮಾಧ್ಯಮದಲ್ಲಿ ಅವರ ಮೇಲೆ ಬಿದ್ದ ಮಾತುಗಳಲ್ಲಿ ಆಟಕ್ಕೆ ಸಂಬಂಧವೇ ಇಲ್ಲದ ವಿಷವೂ ಇತ್ತು. ಅಷ್ಟಾದರೂ 12–52 ಎಂಬ ದಾಖಲೆ ಯಾವ ಬಣ್ಣದವರನ್ನೂ ಆ ಕುರ್ಚಿಯಲ್ಲಿ ಉಳಿಸುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಹೇಳಲು ಜನರಿಗೆ ಏಕೆ ಕಷ್ಟವೋ ನನಗೆ ಅರ್ಥವಾಗಿಲ್ಲ.

ಮನೆಮಗನನ್ನು ಕೋಚ್ ಮಾಡುವುದೇ ತಪ್ಪೇ?

ಆ ಕೆಲವು ವರ್ಷಗಳಲ್ಲಿ ಹಾಗೆ ಅನಿಸಿದ್ದು ಸಹಜ. ಜಾರ್ಜ್‌ಟೌನ್ ತನ್ನ ದಂತಕಥೆ ಪ್ಯಾಟ್ರಿಕ್ ಯೂಯಿಂಗ್ ಅವರನ್ನು ಕೋಚ್ ಮಾಡಿತು. 2021–22ರಲ್ಲಿ ತಮ್ಮ ಲೀಗಿನಲ್ಲಿ ಆಡಿದ 19 ಪಂದ್ಯಗಳಲ್ಲಿ ಹತ್ತೊಂಬತ್ತನ್ನೂ ಸೋತು, ಮರುವರ್ಷ ಅವರು ಕೆಲಸ ಕಳೆದುಕೊಂಡರು. ಮಿಷಿಗನ್‌ನ ಜುವಾನ್ ಹವರ್ಡ್ ಅವರ ಕೊನೆಯ ಋತುವೂ 8–24. ಪೇನ್ ಹೋದ ವಾರವೇ ಅವರೂ ಹೋದರು. ಆದರೆ ನಾರ್ತ್ ಕೆರೊಲಿನಾದ ಹ್ಯೂಬರ್ಟ್ ಡೇವಿಸ್ ಕೂಡ ಮನೆಮಗನೇ, ಮೊದಲ ವರ್ಷವೇ ರಾಷ್ಟ್ರೀಯ ಫೈನಲ್ ತಲುಪಿದರು. ಮನೆಮಗನಾಗಿರುವುದು ತಪ್ಪಲ್ಲ. ಅದನ್ನೇ ಅರ್ಹತೆಯ ಪತ್ರವೆಂದು ಓದಿದ್ದು ತಪ್ಪು.

ನಂತರ ಬಂದ ಪ್ಯಾಟ್ ಕೆಲ್ಸಿ ಏನು ಮಂತ್ರ ಹಾಕಿದರು?

ಮೊದಲಿಗೆ, ಅಭಿಮಾನಿಗಳು ಕೇಳಿದ್ದು ಅವರನ್ನಲ್ಲ. ಊರು ಬಯಸಿದ್ದ ಕೋಚ್ ಡಸ್ಟಿ ಮೇ ಮಿಷಿಗನ್‌ಗೆ ಹೋದರು. 2024ರ ಮಾರ್ಚ್ ಕೊನೆಗೆ ಚಾರ್ಲ್ಸ್‌ಟನ್ ಕಾಲೇಜಿನಿಂದ ಕೆಲ್ಸಿ ಬಂದಾಗ ‘ಇಷ್ಟೇನಾ’ ಎಂಬ ನಿಟ್ಟುಸಿರು ಕೇಳಿಸಿತು. ಕೆಲ್ಸಿ ಚಿಕ್ಕ ಕಾಲೇಜುಗಳಲ್ಲಿ ಹನ್ನೆರಡು ವರ್ಷ ಮುಖ್ಯ ಕೋಚ್ ಆಗಿ ಸವೆದವರು. 2022–23ರಲ್ಲಿ, ಲೂಯಿವಿಲ್ ನಾಲ್ಕು ಗೆದ್ದ ವರ್ಷ, ಚಾರ್ಲ್ಸ್‌ಟನ್ 31 ಗೆದ್ದಿತ್ತು.

ಹಳೆಯ ತಂಡ ಪೂರ್ತಿ ಖಾಲಿಯಾಗಿತ್ತು. ಕೆಲವೇ ವಾರಗಳಲ್ಲಿ ಕೆಲ್ಸಿ ಪೋರ್ಟಲ್‌ನಿಂದ ಹೊಸ ತಂಡ ಕಟ್ಟಿದರು: ವಿಸ್ಕಾನ್ಸಿನ್‌ನಿಂದ ಚಕ್ಕಿ ಹೆಪ್ಬರ್ನ್, ಜೇಮ್ಸ್ ಮ್ಯಾಡಿಸನ್‌ನಿಂದ ಟೆರೆನ್ಸ್ ಎಡ್ವರ್ಡ್ಸ್, ಕೊಲರಾಡೋದಿಂದ ಜೆವಾನ್ ಹ್ಯಾಡ್ಲಿ, ಚಾರ್ಲ್ಸ್‌ಟನ್‌ನಿಂದ ತಮ್ಮ ಜೊತೆಗೇ ಬಂದ ಆಸ್ಟ್ರೇಲಿಯಾದ ರೇನ್ ಸ್ಮಿತ್. ಐದು ನಕ್ಷತ್ರದವರಲ್ಲ, ನಾಲ್ಕೈದು ವರ್ಷ ಕಾಲೇಜಿನಲ್ಲಿ ಆಡಿ ಮಾಗಿದವರು. ಆರಂಭ 6–5, ಅದರಲ್ಲಿ ಕೆಂಟಕಿ ಎದುರಿನ ಸೋಲೂ ಇತ್ತು. ‘ಮತ್ತೆ ಅದೇ ಹಾಡು’ ಎಂದು ಜನ ಕಿವಿ ಮುಚ್ಚಿಕೊಳ್ಳುವಷ್ಟರಲ್ಲಿ ತಂಡ ಮುಂದಿನ 24ರಲ್ಲಿ 21 ಗೆದ್ದಿತು. ಒಟ್ಟು 27–8, ಎಸಿಸಿಯಲ್ಲಿ 18–2. 2019ರ ನಂತರ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಗೆ ಹೋದರು.

ಇಷ್ಟು ಗೆದ್ದ ತಂಡಕ್ಕೆ ಅಲ್ಲಿ ತನ್ನ ಗುಂಪಿನಲ್ಲಿ ಬರೀ ಎಂಟನೇ ಶ್ರೇಯಾಂಕ ಕೊಟ್ಟದ್ದಕ್ಕೆ ಅಭಿಮಾನಿಗಳು ಕೆರಳಿದರು. ಪಂದ್ಯ ಇಟ್ಟದ್ದು ಲೆಕ್ಸಿಂಗ್ಟನ್‌ನಲ್ಲಿ, ಕೆಂಟಕಿ ತಂಡದ ಮನೆಯಂಗಳದಲ್ಲೇ. ಕ್ರೇಟನ್ ಎದುರು 89–75ರಿಂದ ಸೋತು ದಾಯಾದಿಯ ಹಜಾರದಲ್ಲಿ ಕಣ್ಣೀರು ಹಾಕಿ ಬಂದರು.

ಹಾಗಾದರೆ ಪೇನ್ ಪರ ವಾದಿಸಿದವರು ಸೋತರು ಎಂದೇ ಅರ್ಥವೇ?

ಮುಕ್ಕಾಲು ಪಾಲು. ಅದೇ ಕಟ್ಟಡ, ಅದೇ ಲೀಗ್, ಅದೇ ನಿರ್ದೇಶಕರು. ಬದಲಾದದ್ದು ಕೋಚ್, ಮತ್ತು ಒಂದೇ ವರ್ಷದಲ್ಲಿ 19 ಗೆಲುವು ಹೆಚ್ಚಿದವು. ಇದಕ್ಕಿಂತ ಸ್ಪಷ್ಟ ಪುರಾವೆ ಆಟದಲ್ಲಿ ಸಿಗುವುದಿಲ್ಲ.

ಉಳಿದ ಕಾಲು ಭಾಗ ಹೀಗಿದೆ. ಕೆಲ್ಸಿ ಬಂದಾಗ ತೀರ್ಪಿನ ಭಯವಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ನಿಯಮ ಇನ್ನಷ್ಟು ಸಡಿಲವಾಗಿ, ಎಷ್ಟು ಸಲ ಕಾಲೇಜು ಬದಲಿಸಿದರೂ ಹೊರಗೆ ಕೂರಬೇಕಿಲ್ಲ ಎಂದಾಯಿತು. ಎರಡು ವರ್ಷ ಉಪವಾಸವಿದ್ದ ಊರಿನ ಹಣವಂತರೂ ಜೇಬಿಗೆ ಕೈ ಹಾಕಲು ಸಿದ್ಧರಿದ್ದರು. ಪೇನ್ ಕಾಲದಲ್ಲಿ ಇಷ್ಟೂ ಒಟ್ಟಿಗೆ ಇದ್ದಿದ್ದರೆ? ನಾಲ್ಕರ ಬದಲು ಹನ್ನೆರಡು ಗೆಲ್ಲುತ್ತಿದ್ದರೇನೋ. ಇಪ್ಪತ್ತೇಳಂತೂ ಅಲ್ಲ.

ಪ್ರತಿ ವರ್ಷ ಹೊಸ ಮುಖಗಳಾದರೆ ಅಭಿಮಾನ ಯಾರ ಮೇಲೆ?

ಇದು ನನ್ನನ್ನೂ ಕಾಡುತ್ತದೆ. ಹೆಪ್ಬರ್ನ್ ಒಂದೇ ವರ್ಷ ಆಡಿ ಹೋದ. ಅವನ ಹೆಸರಿನ ಅಂಗಿ ಕೊಂಡ ಮಗುವಿಗೆ ಅಂಗಿ ಚಿಕ್ಕದಾಗುವ ಮೊದಲೇ ಆಟಗಾರ ಇಲ್ಲ. 1986ರ ತಂಡದವರ ಹೆಸರು ಊರಿನ ಮುದುಕರಿಗೆ ಇನ್ನೂ ನೆನಪಿದೆ. ಅವರು ನಾಲ್ಕು ವರ್ಷ ಅದೇ ಬೀದಿಗಳಲ್ಲಿ ಓಡಾಡಿದ್ದರು. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಎಲ್ಲ ಕ್ರೀಡೆಗಳಿಗೂ ಸೇರಿ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಹುಡುಗರ ಬೆವರಿನಿಂದ ದಶಕಗಳ ಕಾಲ ಉಳಿದವರೆಲ್ಲ ಶ್ರೀಮಂತರಾದರು, ಹುಡುಗರಿಗೂ ಸಿಗಲೇಬೇಕು. ಬೆಲೆ ಕಟ್ಟಿದ್ದು ನ್ಯಾಯ, ಬೇರು ಸಡಿಲವಾದದ್ದು ನಷ್ಟ. ಗೆಲ್ಲುತ್ತಿರುವಷ್ಟು ಕಾಲ ಈ ನಷ್ಟದ ಮಾತು ಯಾರೂ ಎತ್ತುವುದಿಲ್ಲ.

ಭಾರತದಲ್ಲಿ ಕೂತು ನೋಡುವುದು ಯಾವ ಹೊತ್ತಿಗೆ?

ಅಲ್ಲಿನ ಸಂಜೆ ಏಳರ ಪಂದ್ಯ ಚಳಿಗಾಲದಲ್ಲಿ ನಮಗೆ ಮರುದಿನ ಬೆಳಗಿನ ಐದೂವರೆ. ಮಾರ್ಚ್‌ನಲ್ಲಿ ಅವರು ಗಡಿಯಾರ ಮುಂದೆ ತಿರುಗಿಸಿದ ಮೇಲೆ ನಾಲ್ಕೂವರೆ. 4–28ರ ವರ್ಷ ಹಾಲಿನವನಿಗಿಂತ ಮೊದಲು ಎದ್ದು ಸೋಲು ನೋಡಿದ್ದಕ್ಕೆ ಮನೆಯಲ್ಲಿ ಸಿಕ್ಕ ಮರ್ಯಾದೆಯನ್ನು ಇಲ್ಲಿ ಬರೆಯುವುದಿಲ್ಲ.

ಪೇನ್ ಈಗ ಏನಾದರು?

ತಮ್ಮ ಹಳೆಯ ಗುರುವಿನ ಬಳಿಗೆ ಹೋದರು. 2024ರ ಏಪ್ರಿಲ್‌ನಲ್ಲಿ ಕ್ಯಾಲಿಪಾರಿ ಕೆಂಟಕಿ ಬಿಟ್ಟು ಆರ್ಕನ್ಸಾ ಸೇರಿದರು. ಪೇನ್ ಮತ್ತೆ ಅವರ ಸಹಾಯಕರಾದರು. ಕೆಂಟಕಿಯಿಂದ ಕ್ಯಾಲಿಪಾರಿ ಹಿಂದೆಯೇ ಆರ್ಕನ್ಸಾಗೆ ಹೋದ ಆಟಗಾರರಲ್ಲಿ ಡಿ.ಜೆ. ವ್ಯಾಗ್ನರ್ ಕೂಡ ಒಬ್ಬ. ಅಜ್ಜನನ್ನು ಕೆಲಸಕ್ಕೆ ಇಟ್ಟುಕೊಂಡರೂ ದಕ್ಕದ ಹುಡುಗ ಕೊನೆಗೆ ಪೇನ್ ತರಬೇತಿಗೆ ಸಿಕ್ಕಿದ, ಬೇರೆ ಊರಿನಲ್ಲಿ, ಬೇರೆ ಅಂಗಿಯಲ್ಲಿ.

2025ರ ಮಾರ್ಚ್ 20ರಂದು ಲೂಯಿವಿಲ್ ಲೆಕ್ಸಿಂಗ್ಟನ್‌ನಲ್ಲಿ ಸೋತು ಮನೆಗೆ ಹೋಯಿತು. ಎರಡು ದಿನದ ನಂತರ ಅದೇ ಟೂರ್ನಿಯ ಎರಡನೇ ಸುತ್ತಿನಲ್ಲಿ ಆರ್ಕನ್ಸಾ 75–66ರಿಂದ ಸೇಂಟ್ ಜಾನ್ಸ್ ತಂಡವನ್ನು ಹೊರದಬ್ಬಿತು. ಗೆದ್ದ ತಂಡದ ಬೆಂಚಿನಲ್ಲಿ ಪೇನ್, ಅಂಗಳದಲ್ಲಿ ವ್ಯಾಗ್ನರ್. ಸೋತ ಸೇಂಟ್ ಜಾನ್ಸ್ ತಂಡದ ಕೋಚ್ ರಿಕ್ ಪಿಟಿನೋ.